ಲಿಯೋ ತೊಳೆಯಗೊಡದ ಕಾರು

ಗಂಡ ಲಿಯೋ ಸತ್ತ ಮೇಲೆ ಐರೀನ್ ಡೊಂಬೆಕ್ ಮನೆಯ ಒಂದೊಂದೇ ಕೋಣೆಯನ್ನು ತೊಳೆದು ಮುಗಿಸಿದ್ದಳು. ಉಳಿದದ್ದು ಗ್ಯಾರೇಜ್ ಮಾತ್ರ. ಅಲ್ಲಿ ಲಿಯೋನ ಕಾರು ನಿಂತಿತ್ತು: 1969ರ ಪಾಂಟಿಯಾಕ್ ಜಿಟಿಓ, ಕಡುಹಸಿರು ಬಣ್ಣ, ಉದ್ದ ಮೂತಿ, ಒಳಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್. ಮದುವೆಗೆ ಮುಂಚಿನ ವಸಂತದಲ್ಲಿ ಹೊಸದಾಗಿ ಕೊಂಡದ್ದು. ಅವರ ಊರು ಬೇ ಸಿಟಿಯ ಹುಡುಗರು ಆ ಕಾಲದಲ್ಲಿ ಅಂಥ ಕಾರು ಕೊಂಡು ರೇಸಿಗೆ ಬಿಟ್ಟರು, ಎಂಜಿನ್ ಸುಟ್ಟುಕೊಂಡರು, ಬಣ್ಣ ಬದಲಿಸಿದರು, ಮಕ್ಕಳಾದ ಮೇಲೆ ಮಾರಿದರು. ಲಿಯೋ ಮಾತ್ರ ಭಾನುವಾರ ನದಿಯ ತನಕ ಓಡಿಸಿ ತಂದು ನಿಲ್ಲಿಸುತ್ತಿದ್ದ. ಹೊರಮೈಯನ್ನು ಒಣಬಟ್ಟೆಯಲ್ಲಿ ತಾನೇ ಒರೆಸುತ್ತಿದ್ದ. ಬಾನೆಟ್ಟಿನ ಒಳಗನ್ನಾಗಲಿ, ತಳವನ್ನಾಗಲಿ ಯಾರೂ ಮುಟ್ಟುವ ಹಾಗಿರಲಿಲ್ಲ. ಐರೀನ್ ಬಕೆಟ್ ಹಿಡಿದು ಹೋದಾಗಲೆಲ್ಲ "ಅದನ್ನ ಬಿಡು" ಎಂದು ಗದರುತ್ತಿದ್ದ. ಏಕೆಂದು ಹೇಳುತ್ತಿರಲಿಲ್ಲ. ಸೋಮಾರಿತನಕ್ಕೆ ಹಟ ಎಂದು ಹೆಸರಿಟ್ಟಿದ್ದಾನೆ ಅಂದುಕೊಂಡು ಅವಳೂ ಕೇಳುವುದನ್ನು ಬಿಟ್ಟಳು.

ಆ ವಾರದ ಮೊದಲಲ್ಲಿ ಮೈದುನ ನಾರ್ಬರ್ಟ್ ಫೋನ್ ಮಾಡಿದ.

"ಅತ್ತಿಗೆ, ಶನಿವಾರ ಕ್ರೆಗರ್ ಅನ್ನೋರು ಬರ್ತಾರೆ. ಹಳೇ ಕಾರುಗಳ ವಿಷಯದಲ್ಲಿ ಈ ರಾಜ್ಯದಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಅವರು ಒಪ್ಪಿದ್ರೆ ಬೇಸಿಗೆ ಪ್ರದರ್ಶನದಲ್ಲಿ ಅಣ್ಣನ ಕಾರು ಮುಂದಿನ ಸಾಲಲ್ಲೇ ನಿಲ್ಲುತ್ತೆ. ಪಕ್ಕದಲ್ಲಿ ಹೆಸರಿನ ಫಲಕ."

"ಲಿಯೋ ಹೆಸರಾ?"

"ಮತ್ತೆ ನಂದು ಹಾಕ್ತಾರಾ? ಅವನಿಗೆ ಇದ್ದದ್ದು ಅದೊಂದೇ ಆಸೆ. ಬರೋ ವರ್ಷ, ಬರೋ ವರ್ಷ ಅಂತ ತಳ್ಳಿಕೊಂಡೇ ಬಂದ."

ಮುಂದಿನ ಸಾಲು ಎಂದರೆ ಯಾವುದು, ಅಲ್ಲಿ ಎಂಥ ಕಾರುಗಳು ನಿಲ್ಲುತ್ತವೆ ಎಂದು ನಾರ್ಬರ್ಟ್ ಹೇಳಲಿಲ್ಲ. ಅತ್ತಿಗೆಗೆ ಗೊತ್ತಿರುತ್ತದೆ ಅಂದುಕೊಂಡ.

ಐರೀನ್ ಬೆಳೆದ ಪೋಲಿಷ್ ಮನೆಗಳಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಪಾದ್ರಿಗಳು ಮನೆ ಮನೆಗೆ ಬಂದು ಹರಸುವ ರೂಢಿ. ಅವರು ಬರುವ ಮುಂಚೆ ಹೆಂಗಸರು ಒಲೆಯನ್ನು ಗೋಡೆಯಿಂದ ಸರಿಸಿ ಅದರ ಹಿಂಬದಿಯನ್ನೂ ಉಜ್ಜುತ್ತಿದ್ದರು. ಪಾದ್ರಿ ಒಲೆಯ ಹಿಂದೆ ಇಣುಕುವುದಿಲ್ಲ, ಆದರೂ ಉಜ್ಜಬೇಕು. ಗಂಡನ ಹೆಸರಿನಲ್ಲಿ ನಿಲ್ಲುವ ಕಾರನ್ನು ಜಿಡ್ಡಿನಲ್ಲೇ ತೋರಿಸಿದರೆ ಸತ್ತವನ ಮರ್ಯಾದೆ ಏನಾಗಬೇಕು?

ಗುರುವಾರ ಬೆಳಿಗ್ಗೆ ಅವಳು ಬಾನೆಟ್ ಎತ್ತಿ ನಿಲ್ಲಿಸಿದಳು. ಓವನ್ ತೊಳೆಯುವ ನೊರೆಯನ್ನು ಎಂಜಿನ್ ಮೇಲೆಲ್ಲ ಸಿಂಪಡಿಸಿದಳು. ಕಪ್ಪು ನೀರು ಹರಿಯಿತು. ಎಂಜಿನ್ನಿಗೆ ಬಳಿದಿದ್ದ ನೀಲಿ ಬಣ್ಣವೂ ಅಲ್ಲಲ್ಲಿ ಕಿತ್ತು ಬಂತು, ಹಳತಾಗಿದೆ ಪಾಪ ಅಂದುಕೊಂಡಳು. ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಯಾರೋ ಹಳದಿ ಮೇಣದ ಕಡ್ಡಿಯಲ್ಲಿ ದೊಡ್ಡದಾಗಿ 418 ಎಂದು ಗೀಚಿದ್ದರು. ಅದು ಸುಲಭಕ್ಕೆ ಹೋಗಲಿಲ್ಲ. ಪಾತ್ರೆ ತಿಕ್ಕುವ ತಂತಿಯುಂಡೆ ತಂದು ತೆಗೆದಳು. ಮುಂದಿನ ಸ್ಪ್ರಿಂಗಿಗೆ ಅಂಟಿಕೊಂಡಿದ್ದ ಕಂದು ಚೀಟಿಯನ್ನು ಉಗುರಿನಿಂದ ಕೆರೆದಳು. ಕಾರಿನ ತಳಕ್ಕೆ ಎರಡೂ ಪಕ್ಕದಿಂದ ಉದ್ದ ಹಿಡಿಯ ಬ್ರಷ್ ತೂರಿಸಿ, ಪೈಪಿನಲ್ಲಿ ನೀರು ಬಿಟ್ಟಳು. ಡಿಕ್ಕಿಯಲ್ಲಿ ಮಾಸಿಹೋಗಿದ್ದ ಹಾಸು ಶುಕ್ರವಾರದ ಕಸದ ಗಾಡಿಗೆ ಹೋಯಿತು. ಎರಡನೇ ದಿನದ ಸಂಜೆಗೆ ಸೊಂಟ ಹಿಡಿದುಕೊಂಡಿತ್ತು. ಆದರೂ ಅವನು ಹೋದಮೇಲೆ ಮೊದಲ ಸಲ ಅವನಿಗಾಗಿ ಏನೋ ಮಾಡಿದ ಸಮಾಧಾನ.

ಶನಿವಾರ ನಾರ್ಬರ್ಟ್ ಗ್ಯಾರೇಜಿನ ಬಾಗಿಲಲ್ಲೇ ಮೂಗು ಎತ್ತಿದ.

"ಏನ್ ಅತ್ತಿಗೆ, ನಿಂಬೆಹಣ್ಣಿನ ವಾಸನೆ! ಗ್ಯಾರೇಜಿಗೂ ಪಾದ್ರಿ ಬರ್ತಾರಾ?"

"ನಿನ್ನ ಮೂತಿ ತೊಳೆಯೋಕೆ ಸ್ವಲ್ಪ ಉಳಿಸಿದ್ದೀನಿ, ಬಾ," ಎಂದಳು ಐರೀನ್. ಕ್ರೆಗರ್ ಕಡೆ ತಿರುಗಿ, "ಕಾಫಿ ಆಗಿದೆ, ಮೊದಲು ಕೂತ್ಕೊಳ್ಳಿ," ಎಂದಳು.

"ಕೆಲಸ ಮುಗಿಸಿ ಕುಡೀತೀನಮ್ಮ," ಎಂದ ಕ್ರೆಗರ್. ಅರವತ್ತರ ಆಸುಪಾಸಿನ ಬಡಕಲು ಮನುಷ್ಯ. ಕೈಯಲ್ಲಿ ಟಾರ್ಚು, ಕೋಲಿನ ತುದಿಗೆ ಕಟ್ಟಿದ ಪುಟ್ಟ ಕನ್ನಡಿ.

ನಾರ್ಬರ್ಟ್ ಬಾನೆಟ್ ಎತ್ತಿದವನು ಹಾಗೇ ನಿಂತುಬಿಟ್ಟ. ಐರೀನ್ ಅದನ್ನು ಮೆಚ್ಚುಗೆ ಎಂದೇ ತಿಳಿದಳು.

ಕ್ರೆಗರ್ ಅವಸರ ಮಾಡಲಿಲ್ಲ. ಮುಂಗಾಜಿನ ಕೆಳಗಿನ ತಗಡಿನ ಸಂಖ್ಯೆ ಓದಿದ. ಎಂಜಿನ್ ಮುಂಭಾಗದಲ್ಲಿ ಕೊರೆದ ಸಂಖ್ಯೆಗೆ ಹೋಲಿಸಿದ. ಎರಕ ಹೊಯ್ದ ದಿನದ ಗುರುತನ್ನು ಕನ್ನಡಿ ತಿರುಗಿಸಿ ನೋಡಿದ.

"ಕಾರಿನ ಜೊತೆ ಹುಟ್ಟಿದ ಎಂಜಿನ್ನೇ. ಗೇರ್‌ಬಾಕ್ಸೂ ಅದೇ. ಹೊರಬಣ್ಣವೂ ಕಾರ್ಖಾನೆಯದ್ದೇ."

"ನೋಡಿದ್ಯಾ!" ಎಂದಳು ಐರೀನ್ ಮೈದುನನಿಗೆ.

ಕ್ರೆಗರ್ ಡಿಕ್ಕಿ ನೋಡಿದ. ಕಾರಿನಡಿ ನುಸುಳಲು ಲಿಯೋ ಇಟ್ಟುಕೊಂಡಿದ್ದ ಗಾಲಿಯುಳ್ಳ ಹಲಗೆಯ ಮೇಲೆ ಮಲಗಿ ಕೆಳಗೆ ಸರಿದ. ಬಹಳ ಹೊತ್ತು ಬೆಳಕು ಅತ್ತಿತ್ತ ಆಡಿತು. ಹೊರಬಂದವನು ಕೈ ಒರೆಸಿಕೊಂಡು ಕೇಳಿದ:

"ಇದನ್ನ ತೊಳೆದವರು ಯಾರಮ್ಮ?"

"ನಾನೇ. ಎರಡು ದಿನ ಹಿಡೀತು."

"ಅಯ್ಯೋ ಅತ್ತಿಗೆ," ಎಂದ ನಾರ್ಬರ್ಟ್. "ಐವತ್ತು ವರ್ಷ ಅವನು ಒಂದು ಹನಿ ನೀರು ಬೀಳೋಕೆ ಬಿಡಲಿಲ್ಲ! ಐವತ್ತು ವರ್ಷ! ನೀವು ಎರಡೇ ದಿನದಲ್ಲಿ..."

"ಸುಮ್ನಿರಿ," ಎಂದ ಕ್ರೆಗರ್.

ಆಮೇಲೆ ಅವನೇ ವಿವರಿಸಿದ, ಮೆಲ್ಲಗೆ. ಮುಂದಿನ ಸಾಲಿನಲ್ಲಿ ನಿಲ್ಲುವುದು ಕಾರ್ಖಾನೆಯಿಂದ ಬಂದಮೇಲೆ ಯಾರೂ ಕೈ ಹಾಕದ ಕಾರುಗಳು. ದುರಸ್ತಿ ಮಾಡಿಸಿ ಹೊಸದರಂತೆ ಮಾಡಿದ ಕಾರುಗಳದು ಬೇರೆ ಸಾಲು, ಅಂಥವು ಬೇಕಾದಷ್ಟಿವೆ. ಹಣವಿದ್ದರೆ ಬಣ್ಣ, ಬಿಡಿಭಾಗ ಎಲ್ಲ ಸಿಗುತ್ತದೆ, ಎಷ್ಟು ಸಲ ಬೇಕಾದರೂ ಮಾಡಿಸಬಹುದು. ಕಾರ್ಖಾನೆಯ ಕೆಲಸಗಾರರು ಬಿಟ್ಟ ಗುರುತುಗಳು ಮಾತ್ರ ಸಿಗುವುದಿಲ್ಲ. ಒಬ್ಬ ಬರೆದ ಅಂಕಿ ನೋಡಿ ಮುಂದಿನವನು ಯಾವ ಭಾಗ ಜೋಡಿಸಬೇಕೆಂದು ತಿಳಿಯುತ್ತಿದ್ದ. ಬಿಗಿ ಮಾಡಿ ಆಯಿತು ಎನ್ನಲು ಇನ್ನೊಬ್ಬ ಬಣ್ಣದ ಗೀಟು ಎಳೆಯುತ್ತಿದ್ದ.

"ಮಣ್ಣು ಜಿಡ್ಡು ಅವನ್ನ ಕಾಪಾಡ್ತಾ ಇದ್ವು," ಎಂದ.

ಐರೀನ್ ಗೋಡೆಗೊರಗಿ ನಿಂತಳು. "ಹಳದಿ ಅಂಕಿ ಒಂದಿತ್ತು."

"ಇದ್ದಿರಬೇಕು."

"418. ನಂಗೆ ಸರಿಯಾಗಿ ನೆನಪಿದೆ, ಅದನ್ನ ತೆಗೆಯೋಕೆ ಕೈ ಸೋತು ಹೋಗಿತ್ತು. ಎಂಟರ ಹೊಟ್ಟೆ ಸೊಟ್ಟಗಿತ್ತು. ಒಂದು ಕಡ್ಡಿ ತಂದುಕೊಡಿ, ಹಾಗೇ ಬರೀತೀನಿ."

"ನೀವು ಬರೆದ್ರೆ ಅದು ಸುಳ್ಳಾಗುತ್ತಮ್ಮ. ನಾನು ಖೋಟಾ ಅಂತಲೇ ಹೇಳಬೇಕಾಗುತ್ತೆ."

"ಹಾಗಾದ್ರೆ ಲಿಯೋ ಹೆಸರಿನ ಫಲಕ?"

ಕ್ರೆಗರ್ ಟಾರ್ಚನ್ನು ಆರಿಸಿದ. "ಆ ಸಾಲಲ್ಲಿ ಆಗಲ್ಲ. ಒಳ್ಳೇ ಕಾರು, ಕೊಳ್ಳೋರು ಮುಗಿಬೀಳ್ತಾರೆ. ಆದ್ರೆ ಆ ಸಾಲಲ್ಲಿ ಆಗಲ್ಲ." ತಡೆದು ಹೇಳಿದ: "ಹಿಂದಿನ ಚಕ್ರಗಳ ಆಕ್ಸಲ್ ಮೇಲೆ, ನಡುಮಧ್ಯದಲ್ಲಿ, ನಿಮ್ಮ ಬ್ರಷ್ ತಲುಪದ ಕಡೆ ಒಂದು ಗುರುತು ಉಳಿದಿದೆ. ಒಂದರಿಂದ ಏನೂ ಆಗಲ್ಲ. ಇದೆ ಅಂತ ಹೇಳಿದೆ."

ಅವನು ಕಾಫಿ ಕುಡಿದೇ ಹೋದ. ಐರೀನ್ ಇಟ್ಟ ಗಸಗಸೆಯ ಕೇಕನ್ನೂ ಪೂರ್ತಿ ತಿಂದ.

ನಾರ್ಬರ್ಟ್ ಹೋಗಲಿಲ್ಲ. ಗ್ಯಾರೇಜಿನಲ್ಲಿ ಟೋಪಿ ತಿರುಗಿಸುತ್ತ ನಿಂತಿದ್ದ.

"ಬಾಯಿಗೆ ಬಂದಂಗೆ ಅಂದುಬಿಟ್ಟೆ, ಅತ್ತಿಗೆ."

"ನೀನು ಅವೆಲ್ಲ ನೋಡಿದ್ಯಾ?"

"ಎಷ್ಟೋ ಸಲ. ಟಾರ್ಚ್ ಹಿಡ್ಕೊಂಡು ಒಂದೊಂದೇ ತೋರಿಸ್ತಿದ್ದ. ಇದನ್ನ ಬರೆದವನು ಎಡಗೈಯವನು, ಇವನಿಗೆ ಆ ದಿನ ಅವಸರ ಇತ್ತು, ಅಂತೆಲ್ಲ. ಜೊತೆಗೆ ಬೌಲಿಂಗ್ ಆಡೋ ಗೆಳೆಯರಿಗೂ ತೋರಿಸಿದ್ದ."

"ನಂಗೆ ತೋರಿಸಲಿಲ್ಲ."

"ನೀವು ಕೇಳಲಿಲ್ಲವೇನೋ."

"ಕೇಳಿದ್ದೆ. ಮೊದಮೊದಲು ಕೇಳಿದ್ದೆ." ಐರೀನ್ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು. "ಆ ಹಲಗೆ ಇತ್ತ ತಳ್ಳು."

"ಅತ್ತಿಗೆ, ಈ ವಯಸ್ಸಲ್ಲಿ ಬೇಡ. ಕೆಳಗೆ ಹೋದ್ರೆ ಎದ್ದು ಬರೋದು ಹೇಗೆ?"

"ಎಳೆಯೋಕೆ ನೀನಿದ್ದೀಯಲ್ಲ. ತಳ್ಳು ಅಂದೆ."

ಅವಳು ಮೊದಲು ಮಂಡಿಯೂರಿ, ಆಮೇಲೆ ಪಕ್ಕಕ್ಕೆ ಒರಗಿ, ನರಳುತ್ತ ಅಂಗಾತ ಮಲಗಿದಳು. ನಾರ್ಬರ್ಟ್ ಭುಜ ಹಿಡಿದು ಮೆಲ್ಲಗೆ ಒಳಕ್ಕೆ ಸರಿಸಿದ. ತಾನೂ ಹೊಟ್ಟೆಯ ಮೇಲೆ ಮಲಗಿ ಟಾರ್ಚ್ ಹಿಡಿದ. ಅವಳು ಉಜ್ಜಿದ ತಗಡೆಲ್ಲ ಬೋಳಾಗಿ ಹೊಳೆಯುತ್ತಿತ್ತು. ನಡುವೆ ಕಪ್ಪು ಜಿಡ್ಡಿನ ಒಂದು ತೇಪೆ. ಅದರೊಳಗೆ ಬೆರಳುದ್ದದ ಬಿಳಿ ಬಣ್ಣದ ಗೀಟು. ಗೀಟಿನ ಕೊನೆಯಲ್ಲಿ, ಬಣ್ಣ ಆರುವ ಮುಂಚೆ ಯಾರೋ ಒತ್ತಿದ ಹೆಬ್ಬೆರಳಿನ ಗೆರೆಗಳು.

"ಕಾಣಿಸ್ತಾ?"

"ಕಾಣಿಸ್ತು."

"ಈ ಬೆರಳು ಅಂದ್ರೆ ಅಣ್ಣನಿಗೆ ತುಂಬ ಇಷ್ಟ. ಯಾರೋ ಏನೋ, ಸತ್ತೇ ಹೋಗಿರ್ತಾನೆ, ಬೆರಳು ಇಲ್ಲೇ ಇದೆ ನೋಡು ಅಂತಿದ್ದ."

ಐರೀನ್ ಕೈ ಎತ್ತಿದಳು. ಗೀಟಿನ ಹತ್ತಿರ ಒಯ್ದು, ಮುಟ್ಟದೆ ಎದೆಯ ಮೇಲೆ ಇಳಿಸಿಕೊಂಡಳು.

"ಇಷ್ಟು ಹೇಳೋಕೆ ಏನಾಗಿತ್ತು ಅವರಿಗೆ?"

ನಾರ್ಬರ್ಟ್ ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದ. "ಎಳೀಲಾ ಅತ್ತಿಗೆ? ನೆಲ ತಣ್ಣಗಿದೆ," ಎಂದ.

"ಬೇಡ," ಎಂದಳು ಐರೀನ್. "ಬೆಳಕು ಹಿಡಿ."