ಐದೂ ಪ್ರತಿಗಳ ಕೊನೆಯ ಹಾಳೆ

ಶಾಲೆಯ ಲೈಬ್ರರಿ ನೋಡಿಕೊಳ್ಳುವವಳೂ ನಾನೇ, ಅದರ ಮೂರನೇ ಕಪಾಟಿನಲ್ಲಿರುವ ಅಳಿಲು ಮರಿಯ ಕಥೆಪುಸ್ತಕ ಬರೆದವಳೂ ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಅದರ ಐದು ಪ್ರತಿಗಳ ಮೇಲೆ ದೂಳು ಕೂರಲು ಬಿಡುತ್ತಿರಲಿಲ್ಲ. ವರ್ಷದ ಕೊನೆಯ ತಪಾಸಣೆಗೆಂದು ಅವನ್ನು ಬಿಡಿಸಿ ನೋಡಿದರೆ, ಐದರಲ್ಲೂ ಕೊನೆಯ ಹಾಳೆ ಇಲ್ಲ! ಹರಿದದ್ದಲ್ಲ, ಸ್ಕೇಲ್ ಇಟ್ಟು ನೀಟಾಗಿ ಕತ್ತರಿಸಿದ್ದು.

ಮೈಯೆಲ್ಲ ಉರಿದುಹೋಯಿತು. ಯಾರು ಯಾವಾಗ ಒಯ್ದರೆಂದು ಪ್ರತಿ ಪುಸ್ತಕದ ಹಿಂದೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತೇನೆ. ಐದು ಚೀಟಿಯಲ್ಲೂ ಇದ್ದ ಹೆಸರು ಒಂದೇ. ನಾಲ್ಕನೇ ತರಗತಿಯ ಆ ಹುಡುಗಿಯನ್ನು ಕರೆಸಿದೆ.

"ಕತ್ತರಿಸಿದ್ದು ನೀನೇನಾ?"

"ಹೌದು ಮೇಡಂ."

ಸುಳ್ಳು ಹೇಳಿದ್ದರೆ ಬೈಯುವುದಾದರೂ ಸುಲಭವಾಗುತ್ತಿತ್ತು.

"ಬರೆದೋಳು ನಾನು ಅಂತ ಗೊತ್ತಿದ್ದೂ ಕತ್ತರಿಸಿದ್ಯಾ?"

"ಮುಂದಿನ ವರ್ಷ ನನ್ ತಂಗಿ ಇಲ್ಲಿಗೆ ಸೇರ್ತಾಳೆ ಮೇಡಂ. ಅವಳಿಗೆ ಓದೋಕೆ ಬರುತ್ತೆ. ಕೊನೇ ಪುಟದಲ್ಲಿ ಕಳೆದುಹೋದ ಅಮ್ಮ ಅಳಿಲು ವಾಪಸ್ ಬಂದ್ಬಿಡುತ್ತೆ."

"ಬಂದ್ರೆ ನಿನಗೇನು ಕಷ್ಟ?"

"ನಮ್ಮಮ್ಮ ತೀರ್ಕೊಂಡ್ರು. ತಂಗಿ ದಿನಾ ಬಾಗಿಲಲ್ಲಿ ಕೂತು ಕಾಯ್ತಿದ್ಲು. ಈಗಷ್ಟೇ ಬಿಟ್ಟಿದ್ದಾಳೆ."

ಆ ಕೊನೆಯ ಪುಟವನ್ನು ಓದಿ ಎಲ್ಲರೂ ಬೆನ್ನು ತಟ್ಟಿದ್ದರು.

ಹುಡುಗಿ ತಲೆ ತಗ್ಗಿಸಲಿಲ್ಲ. ನನ್ನ ಮೇಜಿನ ಮೇಲಿದ್ದ ನನ್ನ ಸ್ವಂತ ಪ್ರತಿಯನ್ನೇ ನೋಡುತ್ತಿದ್ದಳು.

"ಅದನ್ನೂ ಒಂದಿನ ಮನೆಗೆ ಕೊಡ್ತೀರಾ ಮೇಡಂ?"