ಲಾಯ ಖಾಲಿ ಇರಕೂಡದು

ಲಾಯದ ಬಾಗಿಲು ಹಾಕಿಯೇಬಿಟ್ಟಳು. ಮೇಲಿನ ಹಲಗೆ, ಕೆಳಗಿನ ಹಲಗೆ, ಎರಡನ್ನೂ. ಹೊರಗಿನಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು.

"ಉಸಿರೆತ್ತಬೇಡಿ," ಎಂದಳು ಹೆಂಡತಿ ಸಂದಿಯಿಂದ. "ಕಾರ್ಯದರ್ಶಿ ಬರ್ತಿದಾರೆ."

"ಸಂಜೆ ಅಂದಿದ್ರಲ್ಲ?"

"ಈಗಲೇ ವಕ್ಕರಿಸಿದಾರೆ. ಸುಮ್ನಿರಿ ಸ್ವಲ್ಪ."

ಹುಲ್ಲಿನ ಕಂತೆ ಹಿಡಿದುಕೊಂಡೇ ಅವನು ಕತ್ತಲಲ್ಲಿ ನಿಂತ. ಇಲ್ಲದ ಕುದುರೆಗೆ ದಿನಾ ಬೆಳಿಗ್ಗೆ ಹುಲ್ಲು ಹಾಸುವುದು ಹನ್ನೊಂದು ತಿಂಗಳಿಂದ ಅವನ ಕೆಲಸ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವುದು ಅದಾದ ಮೇಲಿನದು.

ಈ ಸಿರಿವಂತ ಬಡಾವಣೆಯಲ್ಲಿ ಮನೆಗೊಂದು ಲಾಯ, ಲಾಯಕ್ಕೊಂದು ಕುದುರೆ. ಬಾಡಿಗೆ ಕರಾರಿನ ನಾಲ್ಕನೆಯ ಷರತ್ತು: ಲಾಯ ಖಾಲಿ ಇರಕೂಡದು. ಅರ್ಜಿಯಲ್ಲಿ 'ಕುದುರೆಗಳು' ಎಂಬುದರ ಮುಂದೆ ಅವನು 'ಒಂದು' ಎಂದು ಬರೆದಿದ್ದ. ಪುಣ್ಯಕ್ಕೆ ಎರಡು ಎಂದಿರಲಿಲ್ಲ. "ಪಳಗಿಸೋಕೆ ಬಿಟ್ಟಿದೀವಿ" ಎಂದು ಒಂದಷ್ಟು ದಿನ ತಳ್ಳಿದ್ದಾಯಿತು. "ಬಂದಿದೆ, ಹುಷಾರಿಲ್ಲ" ಎಂದು ಇನ್ನಷ್ಟು ದಿನ. ಸೋಮವಾರ ಪ್ರತಿ ಗೇಟಿನ ಮುಂದೆಯೂ ಲದ್ದಿಯ ಬುಟ್ಟಿ ಇರಬೇಕು. ಭಾನುವಾರ ಸಂಜೆ ಸವಾರಿ ಶಾಲೆಯ ಹಿಂದಿನ ಗುಡ್ಡೆಯಿಂದ ಅವನು ಲದ್ದಿ ಕದ್ದು ತರುತ್ತಿದ್ದ. ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವನು! ಮೊದಮೊದಲು ನಾಚಿಕೆಯೂ ಆಗುತ್ತಿತ್ತು.

ಇವತ್ತು ಕರಾರಿನ ನವೀಕರಣ. ಗುಟ್ಟು ರಟ್ಟಾದರೆ ವಾರದೊಳಗೆ ಗಂಟುಮೂಟೆ ಕಟ್ಟಬೇಕು. ಮತ್ತೆ ಅದೇ ಹಳೆಯ ಎರಡು ಕೋಣೆ, ಗೋಡೆಯಾಚೆಯವರ ಕೆಮ್ಮು. ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು: "ಬೇಕಾದ್ರೆ ನೀವು ಹೋಗಿ. ನಾನೂ ಮಗಳೂ ಇಲ್ಲಿಂದ ಕದಲಲ್ಲ."

ಗೊರಸಿನ ಸದ್ದು ಅಂಗಳಕ್ಕೆ ಬಂತು. ಬಡಾವಣೆಯ ಸಂಘದ ಕಾರ್ಯದರ್ಶಿಗೆ ಮೊಣಕಾಲು ನೋವು. ಕುದುರೆಯಿಂದ ಇಳಿದರೆ ಮತ್ತೆ ಹತ್ತಿಸಲು ಇಬ್ಬರು ಬೇಕು. ಹಾಗಾಗಿ ಇಡೀ ಲೋಕವನ್ನು ಮೇಲಿನಿಂದಲೇ ತಪಾಸಣೆ ಮಾಡುತ್ತಿದ್ದರು.

"ಯಜಮಾನ್ರಿಲ್ವೇನಮ್ಮಾ?"

"ಕಾಲೇಜಿಗೆ ಹೋದ್ರು ಸರ್."

"ಒಳಗಿದೆಯೋ ನಿಮ್ಮದು?"

"ಇದೆ ಸರ್. ಹೊಸಬರನ್ನ ಕಂಡ್ರೆ ಬೆದರತ್ತೆ, ಅದಕ್ಕೇ ಬಾಗಿಲು ಹಾಕಿದೀನಿ."

"ಸದ್ದೇ ಇಲ್ವಲ್ಲ?"

ಅವನ ಬಲಗಾಲು ತಾನಾಗಿಯೇ ಎದ್ದು ಹಲಗೆಗೆ ಝಾಡಿಸಿತು. ಹೊರಗೆ ಕಾರ್ಯದರ್ಶಿಯ ಕುದುರೆ ಕೆನೆಯಿತು.

"ಭೇಷ್! ಕಾಲಲ್ಲಿ ಕಸುವಿದೆ. ಸ್ವಭಾವ ಹೇಗಮ್ಮಾ?"

"ಪಾಪದ್ದು ಸರ್. ತನ್ನ ಪಾಡಿಗೆ ತಾನಿರತ್ತೆ. ಒಮ್ಮೊಮ್ಮೆ ಸಿಡುಕತ್ತೆ, ಆಮೇಲೆ ತಾನೇ ತಣ್ಣಗಾಗತ್ತೆ."

"ಮೇವು?"

"ಹಾಕಿದ್ದು ತಿನ್ನತ್ತೆ."

"ಮಗೂನ ಹತ್ರ?"

"ಅವಳು ಈಗೀಗ ಹತ್ತಿರ ಹೋಗಲ್ಲ."

ಅಬ್ಬಾ, ಇಷ್ಟು ಸಲೀಸಾಗಿ ಸುಳ್ಳು ಹೇಳಲು ಎಲ್ಲಿ ಕಲಿತಳು ಎಂದುಕೊಂಡ. ಆಮೇಲೆ ಒಂದೊಂದೇ ಉತ್ತರವನ್ನು ಮತ್ತೆ ನೆನೆದ. ಇದರಲ್ಲಿ ಸುಳ್ಳು ಯಾವುದು? ನಾನು ಇಲ್ಲಿದ್ದೇನೆ ಎಂದು ಕೂಗಿಬಿಡಲೇ? ಕೂಗಿದರೆ ಮನೆ ಹೋಗುತ್ತದೆ. ಮನೆಯ ಜೊತೆ ಇವರಿಬ್ಬರೂ. ಹಲ್ಲು ಕಚ್ಚಿ ನಿಂತ. ಹಲ್ಲಿನ ನಡುವೆ ಹುಲ್ಲಿನ ಕಡ್ಡಿಯೊಂದಿತ್ತು; ಅದು ಯಾವಾಗ ಬಾಯಿಗೆ ಬಂತೋ ಗೊತ್ತಾಗಲಿಲ್ಲ.

"ಸರಿ, ಮುಂದಿನ ವರ್ಷಕ್ಕೂ ನೀವೇ ಇರಿ," ಎಂದರು ಕಾರ್ಯದರ್ಶಿ. ಕಾಗದ ಸರಬರ ಎಂದಿತು. ಗೊರಸಿನ ಸದ್ದು ದೂರವಾಯಿತು.

ಮೇಲಿನ ಹಲಗೆ ತೆರೆದುಕೊಂಡಿತು. ಹೆಂಡತಿಯ ಮುಖ ಅರಳಿತ್ತು. ಅವಳನ್ನು ಹೀಗೆ ಕಂಡು ಎಷ್ಟು ವರ್ಷವಾಗಿತ್ತು!

"ಸಹಿ ಹಾಕಿದ್ರು ಕಣ್ರೀ! ಒದ್ದಿದ್ದು ನೋಡಿ, ಅದೇ ಕೆಲಸ ಮಾಡ್ತು!"

"ನೀನು ಹೇಳಿದ್ದು..."

"ಏನು ಹೇಳ್ದೆ?"

"ಏನಿಲ್ಲ."

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅವಳ ಅಕ್ಕ. ನಗುತ್ತಾ, ಮಾತಾಡುತ್ತಾ ಒಳಗೆ ಹೋದಳು. ಕೆಳಗಿನ ಹಲಗೆ ಮುಚ್ಚಿದಂತೆಯೇ ಉಳಿಯಿತು.

ಹತ್ತಕ್ಕೆ ಮೊದಲ ತರಗತಿ. ಇನ್ನೂ ಸ್ನಾನ ಆಗಿರಲಿಲ್ಲ. ರಸ್ತೆಯಲ್ಲಿ ಬಿಳಿ ಕುದುರೆಯೊಂದು ಹಾದುಹೋಗುತ್ತಾ ಕತ್ತು ತಿರುಗಿಸಿ ಅವನನ್ನು ನೋಡಿತು.

"ತಿಂಡಿ ಕೊಡ್ಲಾ?" ಅಡುಗೆಮನೆಯಿಂದ ಕೂಗು ಬಂತು.

ಹೂಂ ಎನ್ನಲು ಬಾಯಿ ತೆರೆದ. ಮಾತು ಬರಲಿಲ್ಲ. ಕಾಲು ಎದ್ದು ಹಲಗೆಗೆ ಒಂದು ಬಾರಿ ಒದೆಯಿತು.

"ಬಂದೆ ಬಂದೆ, ಅವಸರ ಯಾಕೆ?"

ಫೋನನ್ನು ಭುಜಕ್ಕೂ ಕಿವಿಗೂ ಒತ್ತಿಕೊಂಡೇ ಬಂದಳು. ಬಾಗಿಲ ಪಕ್ಕದ ಮೇವಿನ ತೊಟ್ಟಿಯಲ್ಲಿ ತಟ್ಟೆ ಇಟ್ಟು, ಅವನ ತಲೆಯಿಂದ ಹುಲ್ಲು ತೆಗೆದು, ಕತ್ತನ್ನು ಎರಡು ಸಲ ತಟ್ಟಿ, ಅಕ್ಕನಿಗೆ ಏನೋ ಹೇಳಿ ನಗುತ್ತಾ ಹೊರಟುಹೋದಳು.

ಕೈ ಚಾಚಿದರೆ ಅಗುಳಿ ಸಿಗುತ್ತಿತ್ತು. ಅವನು ತೊಟ್ಟಿಯತ್ತ ಕತ್ತು ಬಗ್ಗಿಸಿದ.