ಜಂಗ್ಲಿಸಾಬರು ಹಗುರಾಗಿಸಿದ ಚಿತ್ರಗಳು

ಜಂಗ್ಲಿಸಾಬರು ಏನನ್ನು ನೋಡಬೇಕಾದರೂ ಮೊದಲು ಎಡಗಣ್ಣು ಮುಚ್ಚುತ್ತಿದ್ದರು. ಎದುರಿನ ಮನುಷ್ಯನಿರಲಿ, ಚಹಾದ ಬಟ್ಟಲಿರಲಿ, ಕಂಪ್ಯೂಟರಿನ ಪರದೆಯಿರಲಿ, ಕತ್ತನ್ನು ಕೊಂಚ ವಾಲಿಸಿ ಬಲಗಣ್ಣೊಂದರಿಂದಲೇ ಅಳೆದು, ಆಮೇಲೆ "ಹ್ಞೂಂ, ಐತಿ" ಎಂದು ಸಮ್ಮತಿ ಕೊಡುವರು. ಗಜೇಂದ್ರಗಡದ ಪೇಟೆಯಲ್ಲಿ ಅರ್ಧ ಆಯುಷ್ಯ ಫೋಟೋ ಸ್ಟುಡಿಯೋ ನಡೆಸಿದ ಅವರ ಮೈಮೇಲೆ ಬೇಸಿಗೆಯಲ್ಲೂ ಒಂದು ಬೂದು ಕೋಟು. ಮೆಮರಿ ಕಾರ್ಡು, ಅಡಿಕೆಚೂರುಗಳಿಂದ ಜೋತುಬಿದ್ದ ಅದರ ಜೇಬುಗಳು ನಡೆಯುವಾಗ ತೊಡೆಗೆ ಬಡಿಯುತ್ತಿದ್ದವು.

ಮದುವೆಯ ಫೋಟೋಗಳು ಮೊಬೈಲಿನವರ ಪಾಲಾದ ಮೇಲೆ, ನೇಕಾರರ ಸೀರೆಗಳ ಚಿತ್ರ ತೆಗೆದು ಅವರ ಸಂಘದ ವೆಬ್‌ಸೈಟಿಗೆ ಏರಿಸುವ ಕೆಲಸ ಸಾಬರದಾಯಿತು. ದೊಡ್ಡ ಕ್ಯಾಮೆರಾದ ಆ ಚಿತ್ರಗಳು ಬಲು ಭಾರ. ತೆರೆದುಕೊಳ್ಳುವಷ್ಟರಲ್ಲಿ ನೋಡುವವರ ತಾಳ್ಮೆ ತೀರುತ್ತಿತ್ತು. ದೂರು ಬಂದಾಗ ಸಾಬರು ಅವಸರದಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಕುಗ್ಗಿಸಿಬಿಟ್ಟರು.

ಕೆಲವು ದಿನಗಳ ನಂತರ, ನಾನು ಪಾಸ್‌ಪೋರ್ಟ್ ಫೋಟೋಗೆಂದು ಸ್ಟುಡಿಯೋದಲ್ಲಿ ಕುಳಿತಿದ್ದಾಗ, ನೇಕಾರಳಾದ ಅನ್ನಪೂರ್ಣಾ ಒಂದು ಪೊಟ್ಟಣ ಹಿಡಿದು ಬಂದಳು. ಸಾಸಿವೆ ಬಣ್ಣದ ಮೈತುಂಬ ಸಣ್ಣ ಚೌಕಳಿ, ಅಗಲವಾದ ಕೆಂಪು ಅಂಚಿನ ಸೀರೆ. ಕೊಂಡವರು ಹಿಂದಿರುಗಿಸಿದ್ದರು.

"ಫೋಟೋದಾಗ ಸಾದಾ ಸೀರಿ ಇತ್ತಂತರಿ. ಸಾಬ್ರ, ನಾ ನೇಯ್ದ ಚೌಕಳಿ ಎಲ್ಲಿ ಹೋತು?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಸಾಬರಿಗೆ ಹೆಚ್ಚು ನೋವಾಗಿರಬೇಕು. ಪರದೆಯ ಮೇಲೆ ಗೆರೆಗಳೆಲ್ಲ ಕರಗಿ ಕಲೆಯಾಗಿದ್ದವು, ಅಂಚಿನ ಕೆಂಪು ಹೊರಗೆ ಹರಿದಿತ್ತು. "ತಪ್ಪು ನಂದವ್ವಾ. ಸೀರಿ ಇಲ್ಲೇ ಇಟ್ಟು ಹೋಗು" ಎಂದರು.

ಚಿತ್ರವನ್ನು ಹೊಸದಾಗಿ ತೆಗೆದರು. ಮೊದಲ ಚಿತ್ರದಲ್ಲಿ ಸೀರೆಯ ಹಿಂದೆ ಬೇವಿನ ಮರವಿದ್ದಲ್ಲಿ ಈಗ ಬರಿಯ ಸುಣ್ಣದ ಗೋಡೆ. ಆ ಸಾವಿರ ಎಲೆಗಳೇ ಚಿತ್ರದ ತೂಕವನ್ನು ಹೆಚ್ಚಿಸುತ್ತಿದ್ದವಂತೆ. "ಎಲಿ ನೋಡಾಕ ಯಾರೂ ಬರೂದಿಲ್ರಿ, ಸೀರಿ ನೋಡಾಕ ಬರ್ತಾರ." ಮೊಬೈಲಿನ ಪರದೆಗೆ ಬೇಕಾದಷ್ಟೇ ಅಗಲಕ್ಕೆ ಕತ್ತರಿಸಿ, ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು, ಗುಣಮಟ್ಟವನ್ನು ಹನಿಹನಿಯಾಗಿ ಇಳಿಸುತ್ತ, ಪರದೆಯಲ್ಲಿ ಎಳೆ ಎಲ್ಲಿ ಮಸುಕಾಯಿತೋ ಅಲ್ಲಿಂದ ತುಸು ಹಿಂದೆ ಸರಿದು ನಿಲ್ಲುತ್ತಿದ್ದರು. ಅಂಚನ್ನು ಹತ್ತಿರದಿಂದ ತೆಗೆದ ಚಿತ್ರವನ್ನು ಬೇರೆ ಇಟ್ಟರು. ಬೆರಳು ತಾಗಿಸಿದವರಿಗಷ್ಟೇ ಅದು ತೆರೆಯುವಂತೆ.

ಆದರೂ ಚಿತ್ರ ಎಲ್ಲ ಮೊಬೈಲಿನಲ್ಲೂ ಬೇಗ ತೆರೆದೀತೆಂಬ ನಂಬಿಕೆ ಬರಲಿಲ್ಲ. ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಳೆಮಣ್ಣೂರಿಗೆ ಹೊರಟರು. ಅಲ್ಲಿ ಅವರ ತಂಗಿ ಹುಸ್ನಾಳ ಮನೆ. ಗಾಜು ಒಡೆದ ಅವಳ ಹಳೆಯ ಮೊಬೈಲು, ಬಂದುಹೋಗುವ ನೆಟ್‌ವರ್ಕು. ಪಾತ್ರೆ ಬೆಳಗುತ್ತಿದ್ದ ಹುಸ್ನಾ ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಚಿತ್ರ ತೆರೆದಿತ್ತು.

"ಭಾಯಿ, ಎಳಿ ಎಳಿ ಕಾಣಾಕತ್ತಾವ ನೋಡ್ರಿ!"

ಸಾಬರು ಅಂಗಳದಾಚೆ ಹೋಗಿ ಅನ್ನಪೂರ್ಣಾಳಿಗೆ ಫೋನು ಹಚ್ಚಿದರು: "ಬಂತವ್ವಾ, ನಿನ್ನ ಚೌಕಳಿ ಬಂತು."

ಆ ಸೀರೆಯನ್ನು ನರಗುಂದದ ಶಿಕ್ಷಕಿಯೊಬ್ಬರು ಕೊಂಡರು. ಇನ್ನೊಂದು ಬೇಕೆಂದು ಬರೆದರು. ಸಂಘದ ಉಳಿದೆಲ್ಲ ಚಿತ್ರಗಳನ್ನೂ ಸಾಬರು ಅದೇ ರೀತಿ ಒಂದೊಂದಾಗಿ ತಿದ್ದಿ ಮುಗಿಸಿದರು. ಹೋದ ವರ್ಷ ತೀರಿಕೊಂಡರು. ಸ್ಟುಡಿಯೋ ಇದ್ದಲ್ಲಿ ಈಗ ಬಳೆಯಂಗಡಿ.

ನಮ್ಮ ಸಣ್ಣ ಊರುಗಳ ಪೇಟೆಗಳಲ್ಲಿ ಇಂಥವರು ಒಬ್ಬಿಬ್ಬರಿರುತ್ತಾರೆ. ಪರರ ದುಡಿಮೆ ತಮ್ಮ ಕೈ ಹಾಯ್ದು ಹೋಗುವಾಗ ಅದು ಕುಂದದಂತೆ ಕಾಯುತ್ತಾರೆ. ಇದ್ದಷ್ಟು ದಿನ ಅವರು ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ. ಅವರ ಕೆಲಸ ಚಲೋ ಆದಾಗ ಕಾಣುವುದು ಇನ್ನೊಬ್ಬರ ಕೆಲಸವೇ.